ಕ್ಯಾಮೆರಾ ಕೊಂಡರಷ್ಟೇ ಸಾಲದು

ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಬಂದಿದ್ದವು. 2023ರಲ್ಲಿ ಆ ಸಂಖ್ಯೆ 80 ಲಕ್ಷವನ್ನೂ ಮುಟ್ಟಲಿಲ್ಲ. ನಿತ್ಯದ ಚಿತ್ರಗಳಿಗೆ ಮೊಬೈಲ್ ಫೋನೇ ಸಾಕಾಗಿದೆ. ಹೀಗಿರುವಾಗ ಹಣ ತೆತ್ತು ಪ್ರತ್ಯೇಕ ಕ್ಯಾಮೆರಾ ಕೊಳ್ಳುವುದಕ್ಕೆ ಉಳಿದಿರುವ ಮುಖ್ಯ ಸಮರ್ಥನೆ, ಬೆಳಕನ್ನು ತಾನೇ ನಿಯಂತ್ರಿಸಲು ಕಲಿಯುವುದು.

ವಿಪರ್ಯಾಸವೆಂದರೆ, ಹೊಸಬರಲ್ಲಿ ಅನೇಕರು 'ಆಟೋ' ಬಿಟ್ಟು ಕದಲುವುದಿಲ್ಲ. ಷಟರ್ ವೇಗ, ಅಪರ್ಚರ್, ಐಎಸ್ಒ ಮೂರನ್ನೂ ಯಂತ್ರವೇ ನಿರ್ಧರಿಸಿದರೆ ಕಲಿಯುವುದೇನು?

ಫಿಲ್ಮ್ ಕಾಲದಲ್ಲಿ ರೋಲಿಗೆ 36 ಚಿತ್ರ. ತೊಳೆದು ಬರುವ ವೇಳೆಗೆ ಬಳಸಿದ ಅಳತೆಗಳೇ ಮರೆತಿರುತ್ತಿದ್ದವು. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದೊಂದಿಗೆ ಅವನ್ನೂ ದಾಖಲಿಸುತ್ತದೆ. ಓಡುವ ಮಗುವಿನ ಚಿತ್ರ 1/60 ಸೆಕೆಂಡಿನಲ್ಲಿ ಮಸುಕಾದರೆ 1/500ಕ್ಕೆ ಏರಿಸಿ ಮತ್ತೆ ತೆಗೆಯಬಹುದು. ಆಗ ಒಳಬರುವ ಬೆಳಕು ಸುಮಾರು ಎಂಟನೆಯ ಒಂದು ಭಾಗಕ್ಕಿಳಿಯುತ್ತದೆ. ಅದನ್ನು ತುಂಬಲು ಅಪರ್ಚರ್ ಹಿಗ್ಗಿಸಬೇಕು. ಇಲ್ಲವೇ ಐಎಸ್ಒ ಹೆಚ್ಚಿಸಿ, ಚಿತ್ರದ ನುಣುಪು ಕುಂದುವುದನ್ನು ಸಹಿಸಬೇಕು. ಈ ಕೊಡುಕೊಳ್ಳುವಿಕೆಯೇ ಛಾಯಾಗ್ರಹಣದ ಮೊದಲ ಪಾಠ.

ಕೆಟ್ಟ ಚಿತ್ರವನ್ನು ಒಡನೆಯೇ ಅಳಿಸುವ ಚಾಳಿಯಿಂದ ಆ ಪಾಠವೂ ಅಳಿಸಿಹೋಗುತ್ತದೆ. ಎರಡನೆಯ ಲೆನ್ಸಿಗೆ ಹಣ ಹೊಂದಿಸುವ ಮುನ್ನ, ಕೆಟ್ಟ ಚಿತ್ರದ ಅಳತೆಗಳನ್ನು ಓದುವ ಅಭ್ಯಾಸ ಬೆಳೆಸಿಕೊಳ್ಳುವುದು ಲೇಸು. ಅದಕ್ಕೆ ಬಿಡಿಗಾಸಿನ ಖರ್ಚೂ ಇಲ್ಲ.