ಸೀಟಿನ ಹಿಂದಿನ ಕೈ

ತಾಳವಾಡಿಯಂತಹ ಗಡಿನಾಡಿನ ಊರುಗಳಲ್ಲಿ ಸೈಕಲ್ಲನ್ನು ಮನೆಮಂದಿಯಲ್ಲೊಬ್ಬನೆಂದೇ ಕಂಡ ತಂದೆಯರ ತಲೆಮಾರೊಂದು ಇನ್ನೂ ಉಳಿದಿದೆ. ಬೆಳಗ್ಗೆ ಎದ್ದೊಡನೆ ಅದರ ಕಡ್ಡಿಗಳನ್ನು ಒರೆಸಿ, ಚೈನಿಗೆ ಎರಡು ಹನಿ ಎಣ್ಣೆ ಬಿಟ್ಟು, ಆಯುಧಪೂಜೆಯ ದಿನ ಹ್ಯಾಂಡಲಿಗೆ ಸೇವಂತಿಗೆ ಹಾರ ಹಾಕಿದವರು ಅವರು. ಮುಂದಿನ ಬಾರ್ ಮೇಲೆ ಟವೆಲ್ ಸುತ್ತಿ ಕೂರಿಸಿದ ಮಗು, ಕ್ಯಾರಿಯರಿನಲ್ಲಿ ಹೆಂಡತಿ, ಅವಳ ಮಡಿಲಲ್ಲಿ ಇನ್ನೊಂದು ಕೂಸು. ಒಂದು ಸಂಸಾರವೇ ಎರಡು ಚಕ್ರಗಳ ಮೇಲೆ ಸಂತೆಗೂ ಜಾತ್ರೆಗೂ ಹೋಗಿ ಬರುತ್ತಿತ್ತು. ಮಕ್ಕಳನ್ನು ಮುದ್ದಿಸುವ ಮಾತು ಈ ತಂದೆಯರಿಗೆ ಬರುತ್ತಿರಲಿಲ್ಲ. ಅವರ ವಾತ್ಸಲ್ಯವೆಲ್ಲ ಮಗನಿಗೆ ಸೈಕಲ್ ಕಲಿಸುವಾಗ ಸೀಟಿನ ಹಿಂಭಾಗವನ್ನು ಹಿಡಿದ ಕೈಯಲ್ಲಿತ್ತು. ‘ಬುಡಬ್ಯಾಡ ಅಪ್ಪಾ’ ಎಂದು ಮಗ ಕೂಗುತ್ತಿರುವಾಗಲೇ ಆ ಕೈ ಸದ್ದಿಲ್ಲದೆ ಸರಿದಿರುತ್ತಿತ್ತು.

ಮಗಳ ವಿಷಯದಲ್ಲಿ ಆ ಕೈ ಅಷ್ಟು ಉದಾರವಾಗಿರಲಿಲ್ಲ. ಬಾರ್ ಮೇಲೆ ಕುಳಿತು ಬೆಲ್ ಹೊಡೆಯುತ್ತಿದ್ದ ಹುಡುಗಿ ದೊಡ್ಡವಳಾದ ಮೇಲೆ ಕ್ಯಾರಿಯರಿಗೆ ಸರಿದಳು. ಬಿದ್ದಾಳೆಂಬ ಭಯಕ್ಕಿಂತ ನೋಡಿದವರು ಏನೆಂದಾರೆಂಬ ಅಳುಕೇ ಅಲ್ಲಿ ದೊಡ್ಡದು. (ಬಿದ್ದು ಮೊಣಕಾಲು ತರಚಿಕೊಂಡ ಗಂಡುಮಕ್ಕಳ ಲೆಕ್ಕವನ್ನು ಯಾರೂ ಇಟ್ಟದ್ದಿಲ್ಲ.)

1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಸಾಕ್ಷರತಾ ಆಂದೋಲನವು ಹೆಂಗಸರಿಗೆ ಅಕ್ಷರದೊಡನೆ ಸೈಕಲ್ಲನ್ನೂ ಕಲಿಸಿತು. ಕೂಲಿಯವರು, ಕಲ್ಲುಕ್ವಾರಿಯವರು, ಅಂಗನವಾಡಿಯವರು, ಹೀಗೆ ಸಾವಿರಾರು ಮಂದಿ ಕಲಿತರು. ಹೆಂಗಸರ ಸೈಕಲ್ಲುಗಳು ಸಾಲದೆ ಗಂಡಸರ ಸೈಕಲ್ಲನ್ನೇ ಏರಿದರು. ಅದರ ಬಾರ್ ಮೇಲೆ ಮಗುವನ್ನು ಕೂರಿಸಬಹುದೆಂಬುದು ಅವರಲ್ಲಿ ಕೆಲವರಿಗೆ ಹಿಡಿಸಿದ ಅನುಕೂಲ!

ಇಂದು ತಮಿಳುನಾಡಿನ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಹನ್ನೊಂದನೆಯ ತರಗತಿಯವರಿಗೆ ಸೈಕಲ್ ಉಚಿತ. ಕರ್ನಾಟಕದಲ್ಲಿಯೂ 2006-07ರಲ್ಲಿ ಎಂಟನೆಯ ತರಗತಿಯವರಿಗಾಗಿ ಅಂಥದೇ ಯೋಜನೆ ಆರಂಭವಾಯಿತು. ಸೈಕಲ್ಲೇನೋ ಮನೆಗೆ ಬಂದಿತು. ಅದನ್ನೇರಿ ಮಗಳು ಶಾಲೆಗೆ ಹೋಗುವಳೋ, ಅವಳ ಅಣ್ಣ ಹೊಲಕ್ಕೆ ಹೋಗುವನೋ ಎಂಬುದನ್ನು ತೀರ್ಮಾನಿಸುವವನು ಸಾಮಾನ್ಯವಾಗಿ ತಂದೆಯೇ. ‘ನಾನೇ ಬೈಕಿನಲ್ಲಿ ಬಿಟ್ಟು ಬರುತ್ತೇನೆ’ ಎನ್ನುವ ತಂದೆಯ ಪ್ರೀತಿ ಸುಳ್ಳಲ್ಲ; ಆದರೆ ಅವನಿಗೆ ಬಿಡುವಿಲ್ಲದ ದಿನ ಮಗಳಿಗೆ ಪಾಠವಿಲ್ಲ. ಕನ್ನಡ ಶಾಲೆಗಳು ಅಲ್ಲೊಂದು ಇಲ್ಲೊಂದು ಇರುವ ಗಡಿನಾಡಿನಲ್ಲಿ ‘ಹೆಣ್ಣುಮಗು, ಹತ್ತಿರದ ಶಾಲೆಯೇ ಸಾಕು’ ಎಂಬ ಮಾತು ಅವಳ ದಾರಿಯನ್ನಷ್ಟೇ ಅಲ್ಲ, ಓದುವ ಭಾಷೆಯನ್ನೂ ನಿರ್ಧರಿಸಿಬಿಡಬಲ್ಲದು. ಸೈಕಲ್ಲನ್ನು ಅಷ್ಟೊಂದು ಪ್ರೀತಿಸುವ ತಂದೆ ಈ ವರ್ಷದ ಆಯುಧಪೂಜೆಯಲ್ಲಿ ಹಾರ ಹಾಕಿದ ಮೇಲೆ ಅದರ ಬೀಗದ ಕೈಯನ್ನು ಮಗಳಿಗೆ ಕೊಡಲಿ.