ಇಂಗಿನ ಡಬ್ಬಿಯೊಳಗಿನ ಗೋಧಿ
ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡುಗೆಮನೆಗಳಲ್ಲಿ ಅಕ್ಕಿಯದೇ ಕಾರುಬಾರು: ಕಡುಬು, ತೆಳ್ಳೇವು, ಅಕ್ಕಿರೊಟ್ಟಿ. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರಿಗೆ ಇದಕ್ಕಿಂತ ನೆಮ್ಮದಿಯ ಊಟವುಂಟೆ ಅನ್ನಿಸುತ್ತದೆ. ಆದರೆ ಅಪ್ಪೆಹುಳಿಗೆ ಒಗ್ಗರಣೆ ಬೀಳುವ ಗಳಿಗೆ ನೋಡಿ. ಎಣ್ಣೆಯಲ್ಲಿ ಸಾಸಿವೆ ಸಿಡಿದು, ಒಣಮೆಣಸು ಕಪ್ಪಾಗುತ್ತಿದ್ದಂತೆ ಒಂದು ಚಿಟಿಕೆ ಇಂಗು. ಅಂಗಡಿಯ ಇಂಗಿನ ಪುಡಿ ಬರೀ ಇಂಗಲ್ಲ. ಅಫ್ಘಾನಿಸ್ತಾನದ ಕಡೆಯಿಂದ ಬರುವ ಆ ಅಂಟಿನ ಘಾಟು ವಿಪರೀತ, ಹಾಗಾಗಿ ಗೋಂದಿನ ಜೊತೆ ಮೈದಾವನ್ನೋ ಅಕ್ಕಿಹಿಟ್ಟನ್ನೋ ಬೆರೆಸುತ್ತಾರೆ. ಮೈದಾ ಬೆರೆತಿದ್ದರೆ ಆ ಚಿಟಿಕೆಯೂ ಅವರಿಗೆ ಆಗದು. ಪೊಟ್ಟಣದ ಮೇಲೆ ಅಲರ್ಜಿಕಾರಕಗಳ ಹೆಸರಿರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಾವಳಿ ಹೇಳುತ್ತದೆ, ಒಳ್ಳೆಯದೇ. ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವ ಹುಳಿಗೆ ಯಾವ ಚೀಟಿ? ಎಲೆ ಹಾಕುವ ಮೊದಲೇ, ಸಂಕೋಚ ಬಿಟ್ಟು, ಅಡುಗೆ ಭಟ್ಟರ ಹತ್ತಿರ ಹೋಗಿ ಇಂಗಿನ ಡಬ್ಬಿ ಕೇಳಿ ನೋಡಬೇಕು.