ಮಂಡಿಗೆ ಕೆಟಿ ಕೊಟ್ಟವರಾರು?

2023ರ ಡಿಸೆಂಬರಿನಲ್ಲಿ ಬೆಂಗಳೂರು ಎಫ್‌ಸಿ ಕೋಚ್ ಸೈಮನ್ ಗ್ರೇಸನ್‌ರನ್ನು ಮನೆಗೆ ಕಳಿಸಿದಾಗ ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ ಎರಡು ದಿನ ಅದೇ ಮಾತು. ಆಗಲಿ ಬಿಡಿ. ಅಲ್ಲಿ ಕೋಚ್ ಬದಲಾದರೂ ಫಿಸಿಯೋ ಇರ್ತಾರೆ, ಆಟಗಾರನ ಸ್ಕ್ಯಾನ್ ಫೈಲಿನಲ್ಲಿರುತ್ತೆ.

ಕಾಲೇಜು ಟೀಮಿನ ಹುಡುಗರ ಬಗ್ಗೆ ಯಾಕ್ರೀ ಯಾರೂ ಮಾತಾಡಲ್ಲ? ಕೆಜಿಎಫ್ ಅಂದ್ರೆ ನಿಮಗೆಲ್ಲ ಸಿನಿಮಾ. ಬ್ರಿಟಿಷರು ಚಿನ್ನ ತೆಗೆಯುತ್ತಿದ್ದ ಕಾಲದಿಂದಲೂ ಅಲ್ಲಿ ಫುಟ್‌ಬಾಲ್ ಇದೆ. ಗಣಿಯದೇ ಆಸ್ಪತ್ರೆಯೂ ಇತ್ತು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು, ಆಟ ಉಳೀತು.

ನಾನು ಓದಿದ ಕಾಲೇಜಿನಲ್ಲಿ (ಹೆಸರು ಬೇಡ, ಊರೂ ಬೇಡ) ನಾಲ್ಕು ವರ್ಷಕ್ಕೆ ಮೂವರು ಕೋಚ್‌ಗಳು. ಎಲ್ಲರೂ ಒಳ್ಳೆಯವರೇ, ಎಲ್ಲರೂ ಗುತ್ತಿಗೆಯವರೇ. ನಮ್ಮ ಸ್ಟಾಪರ್ ಬ್ಯಾಕ್ ಉರಿಗಾಂ ಹುಡುಗ. ಮಂಡಿ ಉಳುಕಿದಾಗ ಹಳೆ ಕೋಚ್ ಆಡಬೇಡ ಅಂದಿದ್ದರು. ಹೊಸಬರಿಗೆ ಅದು ಗೊತ್ತೇ ಇಲ್ಲ. ಬಾಯಿಬಿಟ್ಟು ಹೇಳಿದರೆ ಸೋಮಾರಿ ಅನ್ನಿಸಿಕೊಳ್ಳಬೇಕು. ಆಡಿದ. ಲಿಗಮೆಂಟ್ ಹರೀತು. ಎಸಿಎಲ್ ಆಪರೇಷನ್ ಆದಮೇಲೆ ಮತ್ತೆ ಮೈದಾನಕ್ಕಿಳಿಯೋಕೆ ಸಾಮಾನ್ಯವಾಗಿ ಒಂಬತ್ತು ತಿಂಗಳು ಬೇಕು, ಅದೂ ದುಡ್ಡಿದ್ದರೆ. ಈಗ ಅವನು ದಿನಾ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಬರ್ತಾನೆ, ಸೀಟು ಸಿಗದ ದಿನ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತು.

ಕಂಪನಿ ಬಿಡುವಾಗ ನಾವು ಮೂರು ಸಾಲಿನ ಕೋಡಿಗೂ ಕೆಟಿ ಕೊಟ್ಟೇ ಹೋಗಬೇಕು. ಹುಡುಗರ ಮಂಡಿಗೆ ಒಂದು ಹಾಳೆ ಬೇಡವೇ? ಯಾರಿಗೆ, ಯಾವಾಗ, ಎಲ್ಲಿ ಪೆಟ್ಟು, ಡಾಕ್ಟರ್ ಏನಂದರು, ಅಷ್ಟೇ. ಬಜೆಟ್ ಇಲ್ಲ ಅಂತಾರೆ ಮ್ಯಾನೇಜ್‌ಮೆಂಟಿನವರು. ಇನ್ನೂರು ಪುಟದ ನೋಟ್‌ಬುಕ್ಕಿಗೆ ಯಾವ ಬಜೆಟ್ ಸ್ವಾಮಿ? ಕ್ರೀಡಾ ಶುಲ್ಕ ಅಂತ ಪ್ರತಿ ವರ್ಷ ತಗೋತೀರಲ್ಲ, ಮೊದಲು ಅದರ ಲೆಕ್ಕ ಕೊಡಿ.